ವಾರ್ಡ್ ಸಹಾಯಕಿಯ ಮಾಹಿತಿಯಂತೆ

ಅನುಭವಿ ದರ್ಜಿ ಬೇಕಾಗಿದ್ದಾರೆ ಎಂದು ಅಂಗಡಿಗಳ ಮುಂದೆ ಬೋರ್ಡು ತೂಗುಹಾಕುವುದನ್ನು ಅವಳು ಜೀವಮಾನವೆಲ್ಲ ಕಂಡಿದ್ದಳು. ಅನುಭವಿ ಹುಚ್ಚಿ ಬೇಕಾಗಿದ್ದಾಳೆ ಎಂದು ಮೊಹರು ಒತ್ತಿದ ಕಾಗದ ಬಂದದ್ದು ಮಾತ್ರ ಇದೇ ಮೊದಲು. ಕಾಗದದಲ್ಲಿ ಹಾಗೆಂದು ಬರೆದಿರಲಿಲ್ಲ, ಅದು ಬೇರೆ ಮಾತು. ಮಾನಸಿಕ ಆಸ್ಪತ್ರೆಗಳ ಸುಧಾರಣಾ ಸಮಿತಿಗೆ ತಮ್ಮನ್ನು 'ಅನುಭವಿ ಸದಸ್ಯೆ'ಯಾಗಿ ಆಹ್ವಾನಿಸಲು ಹರ್ಷಿಸುತ್ತೇವೆ ಎಂದಿತ್ತು. ದರ್ಜಿ ಅದನ್ನು ಎರಡು ಸಲ ಓದಿ, ಗುಂಡಿಗಳ ಡಬ್ಬಿಯ ಕೆಳಗಿಟ್ಟು, ಯಾರದೋ ಪ್ಯಾಂಟಿನ ಕೆಟ್ಟ ಜಿಪ್ಪು ಬಿಚ್ಚಲು ಕೂತಳು. ಹರ್ಷಿಸಲಿ ಪಾಪ, ಎಂದುಕೊಂಡಳು.

ಆದರೂ ಹೋದಳು. ಹೇಳಬೇಕಾದದ್ದು ಹೊಟ್ಟೆಯಲ್ಲಿ ಬೇಕಾದಷ್ಟಿತ್ತು. ನಾಲ್ಕು ವರ್ಷ ಒಳಗಿದ್ದವಳು. ಬಾಗಿಲಿಲ್ಲದ ಬಚ್ಚಲು, ನಲವತ್ತು ತಲೆಗೆ ಒಂದೇ ಬಾಚಣಿಗೆ, ಹಗಲೂ ರಾತ್ರಿ ಆರದ ದೀಪ, ಇವನ್ನೆಲ್ಲ ಯಾರಾದರೂ ಕೂತು ಕೇಳುತ್ತಾರೆಂದರೆ ಒಂದು ದಿನ ಅಂಗಡಿ ಮುಚ್ಚಬಹುದು. ಹೊರಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಕುರ್ಚಿಗೊಂದು ನೀರಿನ ಬಾಟಲಿ. ಖಾಲಿ ಉಳಿದದ್ದು ಒಂದೇ ಕುರ್ಚಿ, ಬೂದು ಕೋಟು ತೊಟ್ಟ ಮುದುಕಿಯೊಬ್ಬಳ ಪಕ್ಕದ್ದು. ದರ್ಜಿಯ ಕಣ್ಣು ಮೊದಲು ಹೋದದ್ದು ಆ ಕೋಟಿನ ಕಡೆಗೇ. ಮೂರನೇ ಗುಂಡಿ ದಾರದಲ್ಲಿ ಜೋತಾಡುತ್ತಿತ್ತು. ಎದುರಿಗೆ ಅಧ್ಯಕ್ಷರಾದ ಡಾಕ್ಟರು, ನಲವತ್ತರ ಆಸುಪಾಸಿನ ಮೃದು ಮಾತಿನ ಮನುಷ್ಯ. ಒಬ್ಬೊಬ್ಬರಾಗಿ ಪರಿಚಯ ಹೇಳಿಕೊಳ್ಳಿ ಎಂದರು.

ಮುದುಕಿಯ ಸರದಿ ಬಂದಾಗ ಅವಳು ಎದ್ದೇಳಲಿಲ್ಲ. ಕೈಚೀಲದಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು.

"ನಾನು ಮೂವತ್ತು ವರ್ಷ ಅಂಚೆ ಕಚೇರಿಲಿ ಕಾಗದ ವಿಂಗಡಿಸಿದವಳು. ಎಲ್ಲರೂ ಅಂಚೆಯಮ್ಮ ಅಂತಾರೆ, ನೀವೂ ಹಾಗೇ ಅನ್ನಿ. ಇವಳು ನನ್ನ ಮಗಳು. ನಿಮ್ಮ ಆಸ್ಪತ್ರೆಗೆ ನಡ್ಕೊಂಡು ಹೋದಳು, ಹೊತ್ಕೊಂಡು ಬಂದ್ವಿ. ಅದಕ್ಕೇ ಬಂದಿದೀನಿ."

ದರ್ಜಿ ಬಗ್ಗಿ ನೋಡಿದಳು. ಫೋಟೋದಲ್ಲಿದ್ದವಳು ಗಿಣಿ.

ಗಿಣಿ ಎಂದು ಹೆಸರಿಟ್ಟದ್ದು ವಾರ್ಡಿನವರು. ಇಪ್ಪತ್ತೊಂದರ ಹುಡುಗಿ, ಎಚ್ಚರವಿದ್ದಷ್ಟು ಹೊತ್ತೂ ಮಾತು. ಆ ಮಾತನ್ನು ನಿಲ್ಲಿಸಿದವಳು ತಾನೇ ಎಂಬುದು ದರ್ಜಿಗೆ ಗೊತ್ತಿತ್ತು. ಭೂಮಿಯ ಮೇಲೆ ಈಗ ಅದು ಗೊತ್ತಿದ್ದವಳು ಅವಳೊಬ್ಬಳೇ.

ತನ್ನ ಸರದಿಯಲ್ಲಿ ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಬಾಚಣಿಗೆಯದೇನೋ ಹೇಳಿರಬೇಕು, ಯಾವ ಆಸ್ಪತ್ರೆ, ಯಾವ ವರ್ಷ ಎಂದು ಮಾತ್ರ ಹೇಳಲಿಲ್ಲ; ಎಲ್ಲರೂ ತಲೆಯಾಡಿಸಿ ಬರೆದುಕೊಂಡರು. ಗಂಟೆ ಒಂದಾಯಿತು. ಒಂದು ಗಂಟೆಗೆ ಅವಳದೊಂದು ಬಿಳಿ ಮಾತ್ರೆ, ವರ್ಷಗಳಿಂದ ತಪ್ಪಿಸಿದ್ದಿಲ್ಲ. ಮನಸ್ಸು ಎಲ್ಲೋ, ಕೈ ಎಲ್ಲೋ. ಮಾತ್ರೆ ಬಾಯಿಗೆ ಹಾಕಿ, ನೀರು ಕುಡಿದು, ಎದುರಿಗಿದ್ದ ಡಾಕ್ಟರ ಕಡೆ ಗದ್ದವೆತ್ತಿ ಬಾಯಿ ಅಗಲಿಸಿದಳು. ನಾಲಿಗೆ ಎತ್ತಿದಳು. ಎಡಕ್ಕೆ ಹೊರಳಿಸಿದಳು, ಬಲಕ್ಕೆ ಹೊರಳಿಸಿದಳು.

ಡಾಕ್ಟರು ಯಾವುದೋ ಕಾಗದ ಓದುತ್ತಿದ್ದವರು ತಲೆಯೆತ್ತಿ, ಬಾಯೊಳಗೆ ನೋಡಿ, "ಹ್ಞಾಂ, ಸರಿ" ಎಂದರು.

ಆಮೇಲೆ ಇಬ್ಬರಿಗೂ ಏನಾಯಿತೆಂದು ಹೊಳೆಯಿತು. ಡಾಕ್ಟರ ಕಿವಿ ಕೆಂಪಾಯಿತು. ಅವರು ಬಾಟಲಿಯ ಮುಚ್ಚಳ ತೆಗೆದು, ಕುಡಿಯದೆ ಮತ್ತೆ ಮುಚ್ಚಿದರು. ದರ್ಜಿ ಬಾಯಿ ಮುಚ್ಚಿಕೊಂಡು ಮೇಜಿನ ಅಂಚನ್ನೇ ನೋಡುತ್ತ ಕೂತಳು. ಮೈಮೇಲೆ ಬಟ್ಟೆಯಿಲ್ಲದೆ ಕೂತಂತಾಗಿತ್ತು.

"ಏನೇ ಅದು?" ಅಂಚೆಯಮ್ಮ ಪಿಸುಗುಟ್ಟಿದಳು.

"ಮಾತ್ರೆ ನುಂಗಿದೀವೋ ಇಲ್ವೋ ಅಂತ ನೋಡ್ತಾರಮ್ಮ. ಅಲ್ಲಿಯ ಅಭ್ಯಾಸ. ಬಾಯಿ ತಾನಾಗೇ ತೆರ್ಕೊಳ್ಳುತ್ತೆ."

"ಯಾರು ನೋಡೋದು?"

"ಒಂದೊಂದು ದಿನ ಒಬ್ಬೊಬ್ಬರು."

ಸುಳ್ಳು. ಮೂರೂ ಹೊತ್ತು ನೋಡುತ್ತಿದ್ದವಳು ಒಬ್ಬಳೇ.

ಹೆಂಗಸರ ವಾರ್ಡಿನಲ್ಲಿ ನಲವತ್ತು ಹಾಸಿಗೆ, ಒಬ್ಬಳೇ ನರ್ಸು. ಅವಳಾದರೂ ಎಷ್ಟೆಂದು ನೋಡಿಯಾಳು? ರೋಗಿಗಳಲ್ಲೇ ಸ್ವಲ್ಪ ನೆಟ್ಟಗಿದ್ದವಳನ್ನು ಆರಿಸಿ 'ವಾರ್ಡ್ ಸಹಾಯಕಿ' ಎಂದು ಮಾಡುತ್ತಿದ್ದರು. ದರ್ಜಿ ನೆಟ್ಟಗಿದ್ದಳು. ನೆಟ್ಟಗಿದ್ದದ್ದಕ್ಕೆ ಹೊಲಿಗೆ ಕೋಣೆಯ ಬೀಗದ ಕೈ ಸಿಕ್ಕಿತು, ಒಂದು ಕಂಬಳಿ ಹೆಚ್ಚಿಗೆ ಸಿಕ್ಕಿತು. ಅದಕ್ಕೆ ಪ್ರತಿಯಾಗಿ ನರ್ಸು ಮಾತ್ರೆ ಕೊಟ್ಟುಕೊಂಡು ಹೋದ ಹಾಗೆ ಇವಳು ಹಿಂದೆಯೇ ಸಾಲಿನುದ್ದಕ್ಕೂ ನಡೆಯಬೇಕು. ಬಾಯಿ ತೆಗಿ. ನಾಲಿಗೆ ಎತ್ತು. ಎಡಕ್ಕೆ. ಬಲಕ್ಕೆ. ಸರಿ, ಹೋಗು. ನಲವತ್ತು ಬಾಯಿ, ದಿನಕ್ಕೆ ಮೂರು ಸಲ; ಕೊನೆಗೆ ಇವಳದನ್ನು ನರ್ಸು ನೋಡುವಳು. ಯಾರ ಯಾವ ಹಲ್ಲು ಹುಳುಕು, ಯಾರ ಒಸಡು ಬಾತಿದೆ, ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳಾಗಿದ್ದಳು. ಗಿಣಿಯ ಕೆಳಸಾಲಿನಲ್ಲಿ ಒಂದು ಹಲ್ಲು ಪಕ್ಕದ್ದರ ಮೇಲೆ ಹತ್ತಿ ಕೂತಿತ್ತು.

ಆ ಮಾತ್ರೆಗೆ ಗಿಣಿಯ ಕೈ ನಡುಗುತ್ತಿತ್ತು. ದರ್ಜಿ ಅವಳಿಗೆ ಹೊಲಿಗೆ ಕಲಿಸುತ್ತಿದ್ದಳು. ಹುಡುಗಿ ಸೂಜಿಗೆ ದಾರ ಪೋಣಿಸಲು ಹೋದರೆ ಸೂಜಿ ಒಂದು ಕಡೆ, ದಾರ ಒಂದು ಕಡೆ. ಆದರೂ ಹಟ ಹಿಡಿದು ಒಂದು ನೀಲಿ ಬಟ್ಟೆಯ ಚೀಲ ಹೊಲಿಯುತ್ತಿದ್ದಳು, ಅಮ್ಮನಿಗೆಂದು. ತಿಂಗಳಿಗೊಮ್ಮೆ ಅಮ್ಮ ಬರುವ ದಿನ. ಆ ಸಲ ಎರಡು ದಿನ ಮುಂಚೆ ಗಿಣಿ ಬೆಳಗ್ಗೆ ಬಾಯಿ ತೆಗೆದಾಗ ಮಾತ್ರೆ ನಾಲಿಗೆಯ ಕೆಳಗೆ ಹಾಗೇ ಇತ್ತು. ಅವಳ ಕಣ್ಣು ದರ್ಜಿಯನ್ನೇ ನೋಡುತ್ತಿತ್ತು.

"ಅಕ್ಕಾ, ಎರಡೇ ದಿನ," ಎಂದಿದ್ದಳು ಆಮೇಲೆ ಹೊಲಿಗೆ ಕೋಣೆಯಲ್ಲಿ. "ಹೋದ ಸಲ ಅಮ್ಮ ನನ್ನ ಕೈ ನೋಡಿ ಅತ್ತಳು. ಈ ಸಲ ನೆಟ್ಟಗಿರೋ ಕೈ ನೋಡ್ಲಿ. ಆಮೇಲೆ ಎಷ್ಟು ಬೇಕಾದ್ರೂ ನುಂಗ್ತೀನಿ, ನಿಮ್ಮದೂ ನಾನೇ ನುಂಗ್ತೀನಿ."

ಬೆಳಗ್ಗೆ ದರ್ಜಿ ಸರಿ, ಹೋಗು ಎಂದಳು. ಮಧ್ಯಾಹ್ನವೂ ಎಂದಳು. ಸಂಜೆಯ ಹೊತ್ತಿಗೆ ಅವಳಿಗೆ ಭಯ ಹತ್ತಿತು. ಶನಿವಾರ ಅವಳ ಬಿಡುಗಡೆಯ ಕಾಗದಕ್ಕೆ ಸಹಿ ಬೀಳುವುದಿತ್ತು. ಗಿಣಿ ಸಿಕ್ಕಿಬಿದ್ದರೆ ನೋಡಿಯೂ ಬಿಟ್ಟವರು ಯಾರೆಂದು ಕೇಳುತ್ತಾರೆ. ನಾಲ್ಕು ವರ್ಷ ಕಾದ ಶನಿವಾರ. ಸಂಜೆ ಗಿಣಿ ಬಾಯಿ ತೆಗೆದು, ನಾಲಿಗೆ ಎತ್ತಿ, ಕಣ್ಣಲ್ಲೇ ನಕ್ಕಳು. ದರ್ಜಿ ತಿರುಗಿ ಹೇಳಿದಳು: "ಸಿಸ್ಟರ್, ಇವಳ ಬಾಯಲ್ಲಿದೆ."

ಅಷ್ಟೇ. ಇಬ್ಬರು ಗಂಡಸರು ಬಂದು ಅವಳನ್ನು ಪಡಸಾಲೆಯ ಕೊನೆಯ ಒಂಟಿ ಕೋಣೆಗೆ ಎಳೆದೊಯ್ದರು. ಮಂಚಕ್ಕೆ ಬಿಗಿಯುವ ಪಟ್ಟಿ, ಸೂಜಿಮದ್ದು. ಅಮ್ಮ ಬಂದ ದಿನ ಗೇಟಿನಿಂದಲೇ ವಾಪಸು ಕಳಿಸಿದರು. ನಾಲ್ಕನೆಯ ಬೆಳಗ್ಗೆ ಹೃದಯ ನಿಂತಿದೆ ಎಂದು ಬರೆದರು. ಶನಿವಾರ ದರ್ಜಿಯ ಬಿಡುಗಡೆಯಾಯಿತು. ಕಾಗದದಲ್ಲಿ 'ಉತ್ತಮ ನಡತೆ' ಎಂದಿತ್ತು.

ಸಮಿತಿ ತಿಂಗಳಿಗೊಮ್ಮೆ ಸೇರುತ್ತಿತ್ತು. ಎರಡನೆಯ ಸಭೆಗೆ ಹೋಗುವುದೇ ಬೇಡವೆಂದು ದರ್ಜಿ ತೀರ್ಮಾನಿಸಿದ್ದಳು. ಆದರೆ ಅದಕ್ಕೆ ಎರಡು ದಿನ ಮುಂಚೆ ಅಂಚೆಯಮ್ಮ ಬೂದು ಕೋಟನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೇ ಬಂದಳು.

"ಅವತ್ತು ಇಡೀ ಹೊತ್ತು ನನ್ನ ಗುಂಡಿನೇ ನೋಡ್ತಿದ್ಯಲ್ಲೇ, ಕಿತ್ಕೊಂಡು ಹೋಗ್ತೀಯೇನೋ ಅಂತ ಹೆದರಿಕೆ ಆಗಿತ್ತು. ತಗೋ, ಹೊಲಿ."

ದರ್ಜಿ ಹೊಲಿದಳು. ಮುದುಕಿ ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲಿದು ತೊಳೆಗಳನ್ನು ಒಂದೊಂದಾಗಿ ಇವಳ ಬಾಯಿಗೇ ಹಿಡಿದಳು, ನಿನ್ನ ಕೈಲಿ ಸೂಜಿ ಇದೆಯಲ್ಲ ಎಂದು. ದರ್ಜಿಗೆ ತಾಯಿ ಹೋಗಿ ಮೂವತ್ತು ವರ್ಷವಾಗಿತ್ತು. ಬಾಯಿಗೆ ಬಂದ ತೊಳೆಯನ್ನು ಬೇಡವೆನ್ನಲಾಗಲಿಲ್ಲ.

ಅಂದಿನಿಂದ ಅಭ್ಯಾಸವಾಯಿತು. ಸಭೆಯಲ್ಲಿ ಇಬ್ಬರೂ ಪಕ್ಕಪಕ್ಕ. ಯಾರಾದರೂ ಉದ್ದುದ್ದ ಮಾತಾಡಿದರೆ ಅಂಚೆಯಮ್ಮ, "ಇವರ ಕಾಗದಕ್ಕೆ ಎಷ್ಟು ಸ್ಟಾಂಪು ಹಚ್ಚಿದ್ರೂ ಸಾಲಲ್ಲ" ಎಂದು ಕಿವಿಯಲ್ಲಿ ಅಂದು ಇವಳನ್ನು ನಗಿಸಿ, ತಾನು ಕಲ್ಲಿನ ಹಾಗೆ ಕೂತುಬಿಡುವಳು. ಬಚ್ಚಲಿಗೆ ಬಾಗಿಲು ಬಂತು. ಮಂಚಕ್ಕೆ ಬಿಗಿಯುವ ಪಟ್ಟಿ ಹೋಯಿತು. ಆ ದಿನ ಅಂಚೆಯಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಒಂದು ಗಳಿಗೆ ಅತ್ತಳು. ದರ್ಜಿ ಪಕ್ಕದಲ್ಲಿ ನಿಂತು ಅವಳ ಬೆನ್ನು ನೀವಿದಳು. ನೀವುವ ಕೈ ತನ್ನದೇ ಎಂದು ನಂಬಲು ಅವಳಿಗೆ ಕಷ್ಟವಾಯಿತು.

ಐದನೆಯ ಸಭೆಯ ಹಿಂದಿನ ದಿನ ಅಂಚೆಯಮ್ಮ ಅಂಗಡಿಯ ಮೇಜಿನ ಮೇಲೆ ಒಂದು ಹಾಳೆ ಬಿಡಿಸಿಟ್ಟಳು. ಅರವತ್ತಮೂರು ಅರ್ಜಿ ಬರೆದ ಮೇಲೆ, ಹದಿನೇಳು ವರ್ಷಕ್ಕೆ ಸಿಕ್ಕಿದ ಮಗಳ ಕಡತದ ನಕಲು. ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದಳು. 'ವಾರ್ಡ್ ಸಹಾಯಕಿಯ ಮಾಹಿತಿಯಂತೆ ಔಷಧಿ ನಿರಾಕರಣೆ ಕಂಡುಬಂದಿದ್ದು, ಒಂಟಿ ಕೋಣೆಗೆ ಸ್ಥಳಾಂತರಿಸಲಾಗಿದೆ.'

"ಅಲ್ಲಿ ಕೆಲಸಕ್ಕಿದ್ದ ಆಯಾಗಳಿಗೆಲ್ಲ ಬರೆದೆ. ನಾನಲ್ಲ, ನಾನಲ್ಲ ಅಂತಾರೆ. ಬರೀ ಊರಿನ ಹೆಸರು ಬರೆದು ಹಾಕಿದ ಕಾಗದಾನೂ ಮನೆ ಮುಟ್ಟಿಸಿದವಳು ನಾನು. ಇವಳೊಬ್ಬಳ ವಿಳಾಸ ಸಿಗ್ತಿಲ್ಲ ನೋಡು."

ದರ್ಜಿ ಹಾಳೆಯಿಂದ ಕಣ್ಣು ತೆಗೆಯಲಿಲ್ಲ. "ಸಿಕ್ಕಿದ್ರೆ ಏನ್ ಮಾಡ್ತೀರಮ್ಮ?"

"ಹೊಡೀತೀನಾ ಈ ವಯಸ್ಸಲ್ಲಿ? ಒಂದೇ ಮಾತು ಕೇಳ್ಬೇಕು. ನನ್ನ ಮಗಳು ಔಷಧಿ ಬೇಡ ಅಂದವಳೇ ಅಲ್ಲ. ಆ ದಿನ ಯಾಕೆ ನುಂಗಲಿಲ್ಲ?" ಹಾಳೆಯನ್ನು ಮಡಿಚುತ್ತ ಮುದುಕಿ ದನಿ ತಗ್ಗಿಸಿದಳು. "ಅವಳನ್ನ ಒಳಗೆ ಹಾಕಿಸೋಕೆ ಸಹಿ ಹಾಕಿದ್ದು ನಾನೇ ಕಣೇ. ಆ ಸಿಟ್ಟಿಗೇ ಹಟ ಹಿಡಿದಳೇನೋ. ನನ್ನ ಮುಖ ನೋಡೋಕೆ ಇಷ್ಟವಿಲ್ಲದೆ ಹಾಗೆ ಮಾಡಿದಳೇನೋ. ಹತ್ತೊಂಬತ್ತು ವರ್ಷದಿಂದ ಇದನ್ನೇ ಅರೀತಾ ಇದೀನಿ."

ಆಗಲೇ ಹೇಳಬೇಕಿತ್ತು. ಉತ್ತರ ದರ್ಜಿಯ ಬಾಯಲ್ಲೇ ಇತ್ತು, ನಾಲಿಗೆಯ ಕೆಳಗೆ. ಹೇಳಿದರೆ ಈ ಮುದುಕಿಯ ಹತ್ತೊಂಬತ್ತು ವರ್ಷದ ಹೊರೆ ಇಳಿಯುತ್ತದೆ. ಆದರೆ ಹೇಳಿದ ಮೇಲೆ ಕಿತ್ತಳೆಯ ತೊಳೆ ಹಿಡಿಯುವ ಕೈ ಇರುವುದಿಲ್ಲ. "ಇನ್ನೊಂದು ಗುಂಡಿ ಸಡಿಲ ಇದೆ, ಕೋಟು ಬಿಟ್ಟು ಹೋಗಿ" ಎಂದಳು ದರ್ಜಿ. ಹೇಡಿತನಕ್ಕೆ ಬೇರೆ ಹೆಸರಿಡುವುದು ಬೇಡ. ಅವಳೂ ಇಟ್ಟುಕೊಳ್ಳಲಿಲ್ಲ.

ಎಂಟನೆಯ ಸಭೆಯ ಪಟ್ಟಿಯಲ್ಲಿ ನಾಲ್ಕನೆಯದು 'ಸಹರೋಗಿ ನೆರವು ಯೋಜನೆ'. ಡಾಕ್ಟರು ಹುರುಪಿನಿಂದ ಓದಿದರು. ಪ್ರತಿ ವಾರ್ಡಿನಲ್ಲೂ ಗುಣಮುಖರಾಗುತ್ತಿರುವ ಒಬ್ಬರನ್ನು ಆರಿಸಿ, ಇತರರ ಊಟ, ಸ್ನಾನ, ಔಷಧಿಯ ಮೇಲೆ ನಿಗಾ ಇಡುವ ಹೊಣೆ ಕೊಡುವುದು. ಅನುಭವಿಗಳೇ ಅನುಭವಿಗಳಿಗೆ ಆಸರೆ. ಓದಿ ಮುಗಿಸಿ ದರ್ಜಿಯ ಕಡೆ ನೋಡಿ ನಕ್ಕರು. ಆ ನಗೆಯಲ್ಲಿ ಕಪಟವಿರಲಿಲ್ಲ, ಅದೇ ಸಂಕಟ.

"ಇದಕ್ಕೆ ಸ್ಫೂರ್ತಿ ನೀವೇ. ನಿಮ್ಮ ಹಳೇ ಕಡತ ನೋಡಿದೆ. ವಾರ್ಡಿನ ಕೆಲಸದಲ್ಲಿ ನೆರವಾಗ್ತಿದ್ರಂತೆ, ಆ ಹೊಣೆಯಿಂದಲೇ ಬೇಗ ಚೇತರಿಸಿಕೊಂಡ್ರಂತೆ. ವರದಿಲಿ ನಿಮ್ಮ ಉದಾಹರಣೆನೇ ಕೊಡೋಣ ಅಂತ."

ಮೇಜಿನ ಸುತ್ತ ತಲೆಗಳು ಒಪ್ಪಿ ಆಡಿದವು. ಈ ಯೋಜನೆ ಸರಿಯಿಲ್ಲ ಎಂದಷ್ಟೇ ಹೇಳಿ ತಪ್ಪಿಸಿಕೊಳ್ಳಬಹುದು, ಏನಾದರೊಂದು ಕಾರಣ ಕೊಡಬಹುದು ಎಂದು ದರ್ಜಿ ಲೆಕ್ಕ ಹಾಕುತ್ತಿದ್ದಳು. ಅಷ್ಟರಲ್ಲಿ ಅಂಚೆಯಮ್ಮ ಕೈಯೆತ್ತಿದಳು.

"ನಾನು ಇದಕ್ಕೆ ಮೊದಲ ಸಹಿ ಹಾಕ್ತೀನಿ. ಯಾಕೆ ಗೊತ್ತಾ?" ಅವಳು ದರ್ಜಿಯ ಕೈ ಹಿಡಿದುಕೊಂಡಳು. "ಇಂಥವಳು ಒಬ್ಬಳು ನನ್ನ ಮಗಳ ಪಕ್ಕ ಇದ್ದಿದ್ರೆ ನನ್ನ ಮಗಳು ಇವತ್ತು ಇರ್ತಿದ್ದಳು."

ದರ್ಜಿ ಕೈ ಬಿಡಿಸಿಕೊಂಡಳು.

"ಇದ್ದೆ," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳು ಎದ್ದು ನಿಂತಳು. ಕೂತು ಹೇಳುವ ಮಾತಾಗಿರಲಿಲ್ಲ.

"ನಾನು ಅವಳ ಪಕ್ಕದಲ್ಲೇ ಇದ್ದೆ ಅಮ್ಮ. ನೀವು ಹುಡುಕ್ತಿರೋ ವಾರ್ಡ್ ಸಹಾಯಕಿ ಆಯಾ ಅಲ್ಲ, ನಾನು. ರೋಗಿಗಳಲ್ಲೇ ಒಬ್ಬಳನ್ನ ಮಾಡ್ತಿದ್ರು. ಈಗ ಇವರು ಓದಿದ್ರಲ್ಲ, ಅದೇ. ಹೆಸರು ಮಾತ್ರ ಹೊಸದು." ಡಾಕ್ಟರ ಕಡೆ ತಿರುಗಿದಳು. "ಬೀಗದ ಕೈ ಕೊಡ್ತೀರಿ, ಕಂಬಳಿ ಕೊಡ್ತೀರಿ, ಬಿಡುಗಡೆ ಬೇಗ ಆಗುತ್ತೆ ಅನ್ನೋ ಆಸೆ ಹುಟ್ಟಿಸ್ತೀರಿ. ಆಮೇಲೆ ಅವಳು ಯಾರ ಬಾಯಿ ಬೇಕಾದ್ರೂ ತೆಗೆಸ್ತಾಳೆ ಸಾರ್. ನಾನು ತೆಗೆಸಿದೆ."

ಮತ್ತೆ ಅಂಚೆಯಮ್ಮನ ಕಡೆ ತಿರುಗಿ ಉಳಿದದ್ದನ್ನೂ ಹೇಳಿದಳು. ಎರಡು ಹೊತ್ತು 'ಸರಿ, ಹೋಗು' ಎಂದು ಬಿಟ್ಟದ್ದು, ಮೂರನೆಯ ಹೊತ್ತು ಬಿಡದಿದ್ದದ್ದು, ಶನಿವಾರ. ದನಿ ಎಲ್ಲಿಯೂ ಒಡೆಯಲಿಲ್ಲ, ಅದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನಿಮ್ಮ ಮೇಲೆ ಸಿಟ್ಟಿರಲಿಲ್ಲ ಅಮ್ಮ ಅವಳಿಗೆ. ನೀವು ಬರ್ತೀರಿ ಅಂತಲೇ ನುಂಗಲಿಲ್ಲ. ಕೈ ನಡುಗದೆ ಇರೋದನ್ನ ನಿಮಗೆ ತೋರಿಸ್ಬೇಕಿತ್ತು. ನಿಮಗೆ ಅಂತ ಒಂದು ನೀಲಿ ಚೀಲ ಹೊಲೀತಿದ್ದಳು."

ಅಂಚೆಯಮ್ಮ ಪ್ರತಿ ಸಭೆಯಲ್ಲೂ ಮೇಜಿನ ಮೇಲಿಡುತ್ತಿದ್ದ ಫೋಟೋವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಮುಗಿದಿತ್ತಾ?" ಎಂದಳು.

"ಏನಮ್ಮ?"

"ಚೀಲ."

"ಇಲ್ಲ. ಒಂದು ಬದಿಯ ಅಂಚು ಉಳಿದಿತ್ತು."

"ಎಲ್ಲಿದೆ?"

"ಗೊತ್ತಿಲ್ಲ ಅಮ್ಮ. ಹೊರಗೆ ಬರುವಾಗ ಅಲ್ಲಿಯ ದಾರದ ಚೂರನ್ನೂ ತರೋ ಹಾಗಿರಲಿಲ್ಲ."

ಡಾಕ್ಟರು ನಾಲ್ಕನೆಯ ವಿಷಯದ ಮೇಲೆ ಉದ್ದಕ್ಕೆ ಗೀಟು ಎಳೆದರು. ಪೆನ್ನು ಹಾಳೆಯನ್ನು ಹರಿದು ಕೆಳಗಿನ ಹಾಳೆಗೂ ಗುರುತು ಮಾಡಿತು. ಸಭೆ ಹದಿನೈದು ನಿಮಿಷ ನಿಲ್ಲಲಿ ಎಂದರು. ಎಲ್ಲರೂ ಕುರ್ಚಿ ಸದ್ದಾಗದಂತೆ ಸರಿಸಿ ಹೊರಗೆ ಹೋದರು. ಅಂಚೆಯಮ್ಮ ಏಳಲಿಲ್ಲ. ದರ್ಜಿ ನಿಂತೇ ಇದ್ದಳು.

ಬೈಯಲಿ, ಕೆನ್ನೆಗೆ ಹೊಡೆಯಲಿ, ಫೋಟೋ ಎತ್ತಿ ಮುಖಕ್ಕೆ ಹಿಡಿಯಲಿ ಎಂದು ಅವಳು ಕಾದಳು. ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಲು ಸಿದ್ಧಳಿದ್ದಳು.

"ಹೇಗೆ ನೋಡ್ತಿದ್ದೆ?" ಎಂದಳು ಅಂಚೆಯಮ್ಮ.

"ಅಮ್ಮಾ..."

"ತೋರಿಸು. ಅವಳನ್ನ ಕೊನೇಗೆ ಹತ್ತಿರದಿಂದ ನೋಡಿದವಳು ನೀನು. ನನಗೆ ಗೇಟಿನ ಒಳಗೂ ಬಿಡಲಿಲ್ಲ. ಹೇಗೆ ನಿಲ್ತಿದ್ದೆ, ಏನಂತಿದ್ದೆ, ಎಲ್ಲಾ ತೋರಿಸು."

"ಬೇಡಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗೆ ಬೀಳೋರು ಬೇಕಾಗಿಲ್ಲ ನನಗೆ. ತೋರಿಸು."

ದರ್ಜಿ ಅವಳ ಮುಂದೆ ಬಂದು ನಿಂತಳು. ಕಾಲು ತಾನಾಗಿ ಒಂದು ಮೊಳ ದೂರದಲ್ಲಿ ನಿಂತಿತು, ಹತ್ತೊಂಬತ್ತು ವರ್ಷವಾದರೂ ಅಳತೆ ಮರೆತಿರಲಿಲ್ಲ.

"ಬಾಯಿ ತೆಗೀರಿ," ಎಂದಳು.

ಅಂಚೆಯಮ್ಮ ಗದ್ದವೆತ್ತಿ ನೋಡಿದಳು. "ಅವಳಿಗೆ ತೆಗೀರಿ ಅಂತಿದ್ಯಾ?"

"ಬಾಯಿ ತೆಗಿ."

ಮುದುಕಿ ಬಾಯಿ ತೆರೆದಳು.

"ನಾಲಿಗೆ ಎತ್ತು."

ಎತ್ತಿದಳು. ನಾಲಿಗೆಯ ಕೆಳಗೆ ನೀಲಿ ನರಗಳು, ಕಿತ್ತಳೆಯ ವಾಸನೆ, ಹಿಂದೆ ಎರಡು ಹಲ್ಲಿಲ್ಲದ ಖಾಲಿ. ಕೆಳಸಾಲಿನಲ್ಲಿ ಒಂದು ಹಲ್ಲು ಪಕ್ಕದ್ದರ ಮೇಲೆ ಹತ್ತಿ ಕೂತಿತ್ತು. ಅದೇ ಜಾಗ, ಅದೇ ಓರೆ. ಎಂಟು ತಿಂಗಳು ಪಕ್ಕದಲ್ಲಿ ಕೂತು ನಕ್ಕರೂ ದರ್ಜಿ ಅದನ್ನು ಕಂಡಿರಲಿಲ್ಲ. ಅವಳ ಕಣ್ಣು ತುಂಬಿ ಏನೂ ಕಾಣದಾಯಿತು.

"ಎಡಕ್ಕೆ," ಎಂದಳು. ನಾಲಿಗೆ ಹೊರಳಿತು. "ಬಲಕ್ಕೆ."

ಅಂಚೆಯಮ್ಮ ಬಾಯಿ ಮುಚ್ಚಲಿಲ್ಲ. ನಾಲಿಗೆ ಎತ್ತಿಕೊಂಡೇ ಕೂತಳು, ಕಣ್ಣು ಇವಳ ಮುಖದ ಮೇಲೆ ನೆಟ್ಟಿತ್ತು. ಇನ್ನೂ ಒಂದು ಮಾತು ಬಾಕಿಯಿದೆ ಎಂಬುದು ಅವಳಿಗೂ ಗೊತ್ತಿತ್ತು. ಎತ್ತಿದ ನಾಲಿಗೆ ಆಯಾಸಕ್ಕೆ ಸಣ್ಣಗೆ ನಡುಗತೊಡಗಿತು.

"ಸರಿ, ಹೋಗು," ಎಂದಳು ದರ್ಜಿ.

ಮುದುಕಿ ಬಾಯಿ ಮುಚ್ಚಿದಳು. ಫೋಟೋವನ್ನು ಕೈಚೀಲಕ್ಕೆ ಹಾಕಿದಳು. ಎದ್ದು, ಕೋಟಿನ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕಿಕೊಂಡಳು. ಎಲ್ಲವೂ ಗಟ್ಟಿಯಾಗಿದ್ದವು. ಬಾಗಿಲ ಬಳಿ ಒಂದು ಗಳಿಗೆ ನಿಂತಳು.

"ಇಷ್ಟೇನಾ?" ಎಂದಳು. "ಆ ಸಂಜೆನೂ ಇಷ್ಟು ಅಂದುಬಿಟ್ಟಿದ್ರೆ ಆಗ್ತಿತ್ತಲ್ಲೇ, ಮಗಾ."